ಇಸ್ತ್ರಿಯ ಹೆಸರಿನಲ್ಲಿ

"ಮನೆ ಇಸ್ತ್ರಿಯವಳ ಹೆಸರಲ್ಲಿದೆಯೇನ್ರೀ?"

ಪ್ರಭಾಳ ಪ್ರಶ್ನೆಗೆ ಜಗನ್ನಾಥನ ಕೈಯ ಕಾಫಿ ಶರ್ಟಿನ ಮೇಲೆ ಚೆಲ್ಲಿತು. ಗೆರೆ ಮುರಿಯದ ಶರ್ಟು. ಬೇರೆ ದಿನವಾಗಿದ್ದರೆ ಅವನು ಅಷ್ಟಕ್ಕೇ ಮನೆ ತಲೆಯ ಮೇಲೆ ಹೊತ್ತುಕೊಳ್ಳುತ್ತಿದ್ದ. ಇವತ್ತು ಸುಮ್ಮನೆ ಒರೆಸಿಕೊಂಡ.

"ಯಾರು ಹೇಳಿದ್ದು?"

"ನೀವೇ. ಈಗ ಫೋನಲ್ಲಿ. 'ಅತಾಸ್ ನಾಮಾ ಇಸ್ತ್ರಿ, ಅತಾಸ್ ನಾಮಾ ಇಸ್ತ್ರಿ' ಅಂತ ಕೂಗ್ತಾ ಇದ್ರಲ್ಲ. ನಾಮ ಅಂದ್ರೆ ಹೆಸರು. ಇಸ್ತ್ರಿ ಅಂದ್ರೆ ಇಸ್ತ್ರಿ. ಇಷ್ಟಕ್ಕೆ ಇಂಡೋನೇಷ್ಯಾದ ಭಾಷೆ ಕಲೀಬೇಕಾ?"

ಜಗನ್ನಾಥ ಹೆಂಡತಿಯನ್ನು ಸ್ವಲ್ಪ ಹೊತ್ತು ನೋಡಿದ. ಆಮೇಲೆ ತಲೆ ತಗ್ಗಿಸಿದ.

"ಹೌದು ಪ್ರಭಾ. ನಿನ್ನ ಹತ್ರ ಏನನ್ನೂ ಮುಚ್ಚಿಡಕ್ಕಾಗಲ್ಲ."

ಜಗನ್ನಾಥ ಕಡಲತೀರದ ಹಳ್ಳಿಗಳ ಆಸ್ತಿಹಕ್ಕಿನ ತಜ್ಞ. ಅಂದರೆ, ನೈರೋಬಿಯ ಗಿಗಿರಿಯಲ್ಲಿ, ಸಮುದ್ರದಿಂದ ಒಂದು ರಾತ್ರಿಯ ಪ್ರಯಾಣದಷ್ಟು ದೂರ ಕುಳಿತು, ಬೆಸ್ತರ ಮನೆ ಯಾರದೆಂದು ಬೆಸ್ತರಿಗೇ ತಿಳಿಸಿಕೊಡುವ ಉದ್ಯೋಗ. ವರ್ಷದಲ್ಲಿ ನಾಲ್ಕೈದು ತಿಂಗಳು ಇಂಡೋನೇಷ್ಯಾದ ಒಂದು ಪುಟ್ಟ ಹಳ್ಳಿಯಲ್ಲಿರುತ್ತಿದ್ದ. ಅಲ್ಲಿ ಮನೆಗಳು ಕಂಬಗಳ ಮೇಲೆ ನಿಂತಿವೆ. ಅವುಗಳ ಕೆಳಗೆ ಸಮುದ್ರ ಬಂದುಹೋಗುತ್ತದೆ, ತಜ್ಞರೂ ಬಂದುಹೋಗುತ್ತಾರೆ. ಸಮುದ್ರ ವರದಿ ಬರೆಯುವುದಿಲ್ಲ, ಅಷ್ಟೇ ವ್ಯತ್ಯಾಸ. ಮನೆ ಹೆಂಗಸಿನ ಹೆಸರಿನಲ್ಲಿರಬೇಕು ಎಂಬುದು ಜಗನ್ನಾಥನ ಎಲ್ಲ ವರದಿಗಳ ಸಾರ. ಹೇಳಿದಂತೆ ನಡೆದುಕೊಳ್ಳುವ ತಜ್ಞರು ಕಡಿಮೆ. ಇವನು ನಡೆದುಕೊಂಡಿದ್ದ.

ಅದೇ ಹಳ್ಳಿಯಲ್ಲಿ, ಕಡಲಿಗೆ ಮುಖ ಮಾಡಿದ ಒಂದು ಮನೆಯನ್ನು 2013ರಲ್ಲಿ ಕೊಂಡಾಗಿತ್ತು. ಪ್ರಭಾಳಿಗೆಂದು ಅವಳ ಅಪ್ಪ ಬಿಟ್ಟುಹೋಗಿದ್ದ ಮೈಸೂರಿನ ಸೈಟು ಅದಕ್ಕಾಗಿ ಹೋಯಿತು. ಮದುವೆಯಾದಾಗಿನಿಂದ ಆಫೀಸಿನವರು ಕೊಟ್ಟ ಮನೆಯಲ್ಲಿ, ಆಫೀಸಿನವರದೇ ಸೋಫಾದ ಮೇಲೆ ಕುಳಿತವಳು ಅವಳು. ನೈರೋಬಿಯ ಲ್ಯಾವಿಂಗ್ಟನ್ ಬಡಾವಣೆಯ ಈ ಮನೆಯ ಗೋಡೆಗೆ ಒಂದು ಮೊಳೆ ಹೊಡೆಯಲೂ ಅಪ್ಪಣೆ ಬೇಕು. ತನ್ನದು ಎನ್ನುವ ಒಂದು ಬಾಗಿಲು ಬೇಕೆಂದು ಅವಳಿಗೆ ತುಂಬ ಆಸೆಯಿತ್ತು. ಹೋಗಿ ನೋಡಿ ಬರೋಣವೆಂದರೆ ಜಗನ್ನಾಥ ಸೊಳ್ಳೆ, ದೋಣಿ, ಮಲೇರಿಯಾ ಎಂದು ಹೆದರಿಸುತ್ತಿದ್ದ. ನಿವೃತ್ತಿಯಾಗಲಿ ಎನ್ನುತ್ತಿದ್ದ. ಅವಳು ಫೋಟೋ ನೋಡಿಕೊಂಡೇ ಕಿಟಕಿಗಳಿಗೆ ಪರದೆ ಹೊಲಿಸಿಟ್ಟಿದ್ದಳು.

"ಹೊರದೇಶದವರಿಗೆ ಅಲ್ಲಿ ಜಾಗ ಕೊಡಲ್ಲ ಪ್ರಭಾ. ಊರಿನವರದ್ದೇ ಒಂದು ಹೆಸರು ಬೇಕು. ಮರ್ಯಾತಿ ಅಂತ. ಪಾಪದ ಹೆಂಗಸು. ನನ್ನ ಬಟ್ಟೆಬರೆಯೆಲ್ಲ ಅವಳೇ ನೋಡ್ಕೊಳ್ಳೋದು."

"ಅವಳು ನಮಗೇ ನಾಮ ಹಾಕಿದ್ರೆ?"

"ಛೆ. ಅಂಥವಳಲ್ಲ. ನನ್ನ ಮಾತು ಮೀರಲ್ಲ."

ಪ್ರಭಾ ಯೋಚಿಸಿದಳು. ಆ ಹಳ್ಳಿಯಿಂದ ಗಂಡನ ಶರ್ಟುಗಳು ಹೊಸದರಂತೆ ಮಡಿಚಿ ಬರುತ್ತಿದ್ದುದು ನಿಜ. ಅಷ್ಟು ಅಚ್ಚುಕಟ್ಟಾಗಿ ಕೆಲಸ ಮಾಡುವವಳು ಮೋಸಗಾತಿಯಾಗಿರಲಾರಳು. ಆದರೂ ಅವಳನ್ನು ಸಂತೋಷವಾಗಿ ಇಟ್ಟುಕೊಳ್ಳುವುದು ಕ್ಷೇಮ. ಮುಂದಿನ ಪ್ರವಾಸದಲ್ಲಿ ಜಗನ್ನಾಥನ ಪೆಟ್ಟಿಗೆಯಲ್ಲಿ ಒಂದು ಹೊಸ ಇಸ್ತ್ರಿಪೆಟ್ಟಿಗೆ, ಗಂಧದ ಸೋಪು, ಪ್ರಭಾಳ ಮಾವಿನಕಾಯಿ ಬಣ್ಣದ ಮೈಸೂರು ರೇಷ್ಮೆ ಸೀರೆ ಹೋದವು. ಜಗನ್ನಾಥ ಒಂದಕ್ಕೂ ಬೇಡವೆನ್ನಲಿಲ್ಲ. ಸೀರೆಗೆ ಹೊಂದುವ ಬಳೆ ಇದೆಯೇ ಎಂದು ಮಾತ್ರ ಕೇಳಿದ. ಗಂಡನಿಗೆ ಕೆಲಸದವರ ಮೇಲೆ ಇಷ್ಟು ಕಾಳಜಿಯಿದೆಯೆಂದು ಪ್ರಭಾಳಿಗೆ ಹೆಮ್ಮೆಯಾಯಿತು.

ಮರುವರ್ಷ ಗಿಗಿರಿಯಲ್ಲಿ ದೊಡ್ಡ ಕಾರ್ಯಾಗಾರ. ಬೆಸ್ತರ ಬಡತನದ ಬಗ್ಗೆ ಮೂರು ಬಗೆಯ ಮೀನಿನ ಊಟದೊಂದಿಗೆ ಚರ್ಚೆ. ಆ ಹಳ್ಳಿಯ ಮುಖ್ಯಸ್ಥ ಹಾರ್ತೋನೊ ಅತಿಥಿಯಾಗಿ ಬಂದ. ಜಗನ್ನಾಥ ಅವನಿಗೆ ಎಂಬಕಸಿಯಲ್ಲಿ, ವಿಮಾನ ನಿಲ್ದಾಣದ ಪಕ್ಕದಲ್ಲೇ, ಹೋಟೆಲು ಮಾಡಿಸಿದ. ಮನೆಯಿಂದ ಅದಕ್ಕಿಂತ ದೂರದ ಹೋಟೆಲು ಸಿಗಲಿಲ್ಲವೇನೋ.

ಪ್ರಭಾ ಬಿಡಲಿಲ್ಲ. "ಊರಿನ ಯಜಮಾನರು. ನಾಳೆ ಮರ್ಯಾತಿ ಏನಾದ್ರೂ ತಕರಾರು ತೆಗೆದ್ರೆ ಮಾತಾಡೋರು ಅವರೇ. ಮನೆ ನನ್ನದು ಅಂತ ಅವರ ಕಿವಿಗೆ ಬಿದ್ದಿರಲಿ. ಊಟಕ್ಕೆ ಕರೀರಿ. ನೀವು ಕರೀದಿದ್ರೆ ನಾನೇ ಫೋನ್ ಮಾಡ್ತೀನಿ."

ಕರೆಯಲೇಬೇಕಾಯಿತು.

ಹಾರ್ತೋನೊ ಬಾಗಿಲಲ್ಲೇ ಎರಡೂ ಕೈ ಜೋಡಿಸಿ, ಕಷ್ಟಪಟ್ಟು ಕಲಿತ ಇಂಗ್ಲಿಷಿನಲ್ಲಿ, "ಹಲೋ, ಸಿಸ್ಟರ್" ಎಂದ. ಪ್ರಭಾಳ ಮನಸ್ಸು ತಣ್ಣಗಾಯಿತು. ಪರಿಚಯವಿಲ್ಲದವರನ್ನೂ ಅಕ್ಕಾ ಎನ್ನುವ ಸಂಸ್ಕಾರ ನಮ್ಮ ಕಡೆ ಮಾತ್ರ ಇರುವುದೆಂದು ಅವಳು ತಿಳಿದಿದ್ದಳು.

ಜಗನ್ನಾಥ ಅಂದು ಅತಿಥಿಗೆ ಅಂಟಿಕೊಂಡೇ ಕುಳಿತ. ಹಾರ್ತೋನೊ ಬಾಯಿ ತೆರೆದಾಗಲೆಲ್ಲ ಅದಕ್ಕೆ ಒಂದು ಹಪ್ಪಳ ಕೊಟ್ಟ. ಆದರೂ ಒಂದೆರಡು ಮಾತು ನುಸುಳಿದವು.

"ಸೀರೆ ಬಹಳ ಚೆನ್ನಾಗಿತ್ತು, ಸಿಸ್ಟರ್. ಮರ್ಯಾತಿ ಉಟ್ಟಾಗ ಇಡೀ ಊರು ನಿಮ್ಮ ದೊಡ್ಡ ಮನಸ್ಸನ್ನು ಹೊಗಳಿತು."

"ಅಯ್ಯೋ, ಅದೇನು ಮಹಾ. ನಮ್ಮವರನ್ನ ಅಷ್ಟು ಚೆನ್ನಾಗಿ ನೋಡ್ಕೊಳ್ತಾಳಲ್ಲ," ಎಂದಳು ಪ್ರಭಾ.

ಪಾಯಸದ ಹೊತ್ತಿಗೆ ಗೇಟು ಕಾಯುವ ಅಸ್ಕರಿ ಬಂದ. ನೀರಿನ ಟ್ಯಾಂಕರು ಬಂದಿದೆ, ಒಳಗೆ ಬರಲು ಸಾಹೇಬರ ಕಾರು ಅಡ್ಡ. ಜಗನ್ನಾಥ ಕೀಲಿ ಹಿಡಿದು ಓಡಿದ.

ಇಷ್ಟು ಹೊತ್ತು ಕಾದಿದ್ದ ಪ್ರಭಾ ಕುರ್ಚಿ ಹತ್ತಿರ ಎಳೆದುಕೊಂಡಳು. "ಆ ಮನೆಯ ವಿಷಯ. ಅದು ನನ್ನ ಅಪ್ಪ ಕೊಟ್ಟ ಸೈಟು ಮಾರಿ ತಗೊಂಡಿದ್ದು. ನಿಮಗೆ ಗೊತ್ತಿರಲಿ ಅಂತ."

"ಗೊತ್ತು ಸಿಸ್ಟರ್, ಅದಕ್ಕೇ ನಿಮ್ಮನ್ನು ಎಲ್ಲರೂ ನೆನೆಯುತ್ತಾರೆ. ಚಿಂತೆ ಬೇಡ. ಪತ್ರಕ್ಕೆ ಸಹಿ ಹಾಕಿದವನು ನಾನೇ. ಅತಾಸ್ ನಾಮಾ ಇಸ್ತ್ರಿ. ಅವಳನ್ನು ಯಾರೂ ಅಲ್ಲಾಡಿಸಲಾರರು."

"ಇಸ್ತ್ರಿ ನಮ್ಮಲ್ಲೂ ಅದೇ ಪದ," ಎಂದು ನಕ್ಕ ಪ್ರಭಾ, ಮೇಜಿನ ಬಟ್ಟೆಯ ಮೇಲೆ ಮುಷ್ಟಿಯನ್ನು ಹಿಂದೆ ಮುಂದೆ ಉಜ್ಜಿ ತೋರಿಸಿದಳು.

ಹಾರ್ತೋನೊನಿಗೆ ಅರ್ಥವಾಗಲು ಕೊಂಚ ಹೊತ್ತು ಹಿಡಿಯಿತು. ಅರ್ಥವಾದದ್ದೇ ಹೊಟ್ಟೆ ಹಿಡಿದು ನಕ್ಕ. "ಅಲ್ಲ, ಅಲ್ಲ. ಅದಕ್ಕೆ ನಾವು ಸೆತ್ರಿಕಾ ಅನ್ನುತ್ತೇವೆ."

"ಮತ್ತೆ ಇಸ್ತ್ರಿ ಅಂದ್ರೆ?"

"ಹೆಂಡತಿ, ಸಿಸ್ಟರ್. ನಿಮ್ಮ ತಮ್ಮನಿಗೆ ನಮ್ಮ ಮರ್ಯಾತಿ ಏನಾಗಬೇಕೋ, ಅದು."