ಹಿತ್ತಲ ಕೋಣೆಯ ಬಾಡಿಗೆದಾರ

ಶೇಖಸಾಬನ ಹಿತ್ತಲಲ್ಲಿ ಎರಡನೆಯ ಒಲೆ ಹೊಗೆಯಾಡುತ್ತಿದೆ ಎಂಬ ಸುದ್ದಿಯನ್ನು ಅಂದಪ್ಪನಿಗೆ ಮುಟ್ಟಿಸಿದವಳು ಅವನ ಹೆಂಡತಿ ಮಂಜವ್ವ.

"ಒಂದ ಮನ್ಯಾಗ ಎರಡು ಒಲಿ ಯಾಕ ಬೇಕು? ಯಾರನ್ನೋ ಬಾಡಿಗಿಗೆ ಇಟ್ಟಾರ," ಎಂದಳು. "ಸಾಬನ ಹೇಣ್ತಿ ಬೀಬಿಜಾನ ನೀರಿಗೆ ಒಂದು ಕೊಡ ಹೆಚ್ಚಿಗಿ ತರಾಕತ್ತಾಳ. ನೀವು ಕಾರ್ಯದರ್ಶಿ ಆಗಿ ಸುಮ್ಮ ಕುಂತೀರಿ."

ಅಂದಪ್ಪ ಸುಮ್ಮನೆ ಕೂರುವವನಲ್ಲ. ಬೆಟಗೇರಿಯಾಚೆಯ ಆ ಹೊಸ ಕಾಲೊನಿಯಲ್ಲಿ ಮನೆ ಮಾಲೀಕರ ಸಂಘ ಕಟ್ಟಿದವನೇ ಅವನು. ಎಂಬತ್ತೈದರ ಬೇಸಿಗೆ ಅದು. ಎಲ್ಲ ಮನೆಗಳಿಗೂ ಸೇರಿ ಇದ್ದದ್ದು ಒಂದು ಬೋರ್‌ವೆಲ್, ಒಂದು ತೊಟ್ಟಿ. ಮಳೆ ಹಿಡಿಯುವ ತನಕ ಬಾಡಿಗೆದಾರರನ್ನಾಗಲಿ ನೆಂಟರನ್ನಾಗಲಿ ಯಾರೂ ಇಟ್ಟುಕೊಳ್ಳಕೂಡದು ಎಂದು ನಿಯಮ ಮಾಡಿಸಿದವನೂ ಅವನೇ. ಸಭೆಯಲ್ಲಿ ಗೊಣಗಾಟ ಎದ್ದಾಗ ಗಟ್ಟಿಯಾಗಿ ಹೇಳಿದ್ದ: "ನಮ್ಮ ಅವ್ವ ಇರಾಕಂತ ಊರಿಂದ ಬಂದಿದ್ಲು. ಬಸ್ ಸ್ಟ್ಯಾಂಡಿನಿಂದನ, ತಮ್ಮನ ಹಂತ್ಯಾಕ ಇರು ಅಂತ ತಿರುಗಿ ಕಳಿಸೀನಿ. ನಿಮಗೇನು ತ್ರಾಸು?"

ಅತ್ತೆಗೂ ಸೊಸೆಗೂ ಆಗಿಬರುವುದಿಲ್ಲ ಎಂಬುದನ್ನು ಸಭೆಗೆ ತಿಳಿಸುವ ಅಗತ್ಯ ಅವನಿಗೆ ಕಂಡಿರಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದ್ದರು. ಬಸ್ ಸ್ಟ್ಯಾಂಡಿನ ಎದುರು ಬೀಗ, ಕೊಡೆ ರಿಪೇರಿ ಮಾಡುವ ಶೇಖಸಾಬ ಮಾತ್ರ ಕೈಕಟ್ಟಿ ಕೂತಿದ್ದ. ಆ ಕೈ ಯಾಕೆ ಏಳಲಿಲ್ಲ ಎಂಬುದು ಅಂದಪ್ಪನಿಗೆ ಈಗ ಅರ್ಥವಾಯಿತು. ಆಗಲೇ ಬಾಡಿಗೆಯ ಆಸೆ ಹತ್ತಿತ್ತು ಆಸಾಮಿಗೆ.

ರವಿವಾರ ಬೆಳಿಗ್ಗೆ ಅವನು ಅಧ್ಯಕ್ಷ ಫಕ್ಕೀರಪ್ಪನನ್ನೂ ಸಮಿತಿಯವರನ್ನೂ ಕರೆದುಕೊಂಡು ಹೊರಟ. ಶೇಖಸಾಬ ತೊಟ್ಟಿಯೊಳಗಿಳಿದು ಹೂಳು ಎತ್ತುತ್ತಿದ್ದ. ಅದು ಸದಸ್ಯರು ಸರದಿಯ ಮೇಲೆ ಮಾಡಬೇಕಾದ ಕೆಲಸ. ಅಂದಪ್ಪ ತನ್ನ ಸರದಿಗೆ ಆಳು ಕಳಿಸುತ್ತಿದ್ದ. ಶೇಖಸಾಬ ತಾನೇ ಇಳಿಯುತ್ತಿದ್ದ.

ಕರೆದಾಗ ಮೊಣಕಾಲತನಕ ಕೆಸರು ಮೆತ್ತಿಕೊಂಡೇ ತನ್ನ ಮನೆಯ ಮುಂದಕ್ಕೆ ಬಂದ. ಸುಳ್ಳು ಹೇಳಲಿಲ್ಲ.

"ಹೌದ್ರಿ, ಒಬ್ಬರು ಅದಾರ. ಬಾಡಿಗಿಗೆ ಅಲ್ಲ. ತಪ್ಪಾತು ಅಂತ ಒಪ್ಕೋತೀನಿ. ಇನ್ನ ಮ್ಯಾಲ ತೊಟ್ಟಿ ನೀರು ಮುಟ್ಟಂಗಿಲ್ಲ, ಹೊರಗಿಂದ ಸೈಕಲ್ ಮ್ಯಾಲ ತರತೀನಿ. ಆ ಹಿತ್ತಲ ಖೋಲಿ ಬಾಗಲಾ ಮಾತ್ರ ತಗಿಸಬ್ಯಾಡ್ರಿ."

"ಒಳಗ ಯಾರು ಅನ್ನೂದು ಸಂಘಕ್ಕ ಗೊತ್ತಾಗಬೇಕು," ಎಂದ ಅಂದಪ್ಪ.

ಹೊಸ್ತಿಲಲ್ಲಿ ನಿಂತಿದ್ದ ಬೀಬಿಜಾನ ಸೆರಗು ಬಾಯಿಗೊತ್ತಿಕೊಂಡಳು. "ಹೋಗಾಕ ಇನ್ನೊಂದು ಜಾಗಾ ಇಲ್ರಿ ಆ ಜೀವಕ್ಕ. ಇದ್ದ ಬಾಗಲಾ ಎಲ್ಲಾ ನೋಡಿ ಬಂದೈತಿ."

ಶೇಖಸಾಬ ಹತ್ತಿರ ಬಂದು ದನಿ ತಗ್ಗಿಸಿದ. "ಅಂದಪ್ಪನವರ, ನೀವೊಬ್ಬರ ಒಳಗ ಬರ್ರಿ. ನಿಮ್ಮ ಸಲುವಾಗಿ ಹೇಳಾಕತ್ತೀನಿ."

ಅಂದಪ್ಪನಿಗೆ ಅದು ಬೆದರಿಕೆಯಂತೆ ಕೇಳಿಸಿತು. "ನನಗೇನು ಗುಟ್ಟೈತಿ? ಏನಿದ್ರೂ ಎಲ್ಲಾರ ಮುಂದ ಆಗ್ಲಿ."

ಹಿತ್ತಲಿಗೆ ಹೋಗಿ ಕೋಣೆಯ ಬಾಗಿಲು ಬಡಿದ. ಒಳಗಿನಿಂದ ಚಿಲಕ ಸರಿಯಿತು. ಅಂಗೈಗೆ ಜೋಳದ ಹಿಟ್ಟು ಮೆತ್ತಿಕೊಂಡಿದ್ದ ಮುದುಕಿಯೊಬ್ಬಳು ಬಾಗಿಲ ಚೌಕಟ್ಟು ಹಿಡಿದು ನಿಂತಳು. ಕಾಲೊನಿಯ ಮಂದಿ ಅವಳನ್ನು ಹಿಂದೆ ಕಂಡಿರಲಿಲ್ಲ.

"ಯಾವೂರವ್ವಾ?" ಫಕ್ಕೀರಪ್ಪ ಮೆತ್ತಗೆ ಕೇಳಿದ. "ಇಲ್ಲಿ ಯಾರ ಪೈಕಿ ನೀನು?"

ಮುದುಕಿ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಒಂದು ಕಡೆ ಅವಳ ಕಣ್ಣು ನಿಂತಿತು. ಆಮೇಲೆ ನೆಲಕ್ಕಿಳಿಯಿತು.

"ಯಾರ ಪೈಕಿನೂ ಅಲ್ರಿ ಯಪ್ಪಾ. ಬಸ್ ಸ್ಟ್ಯಾಂಡಿನ್ಯಾಗ ಕುಂತಿದ್ದೆ. ಈ ಸಾಬರು ಪಾಪ ಅಂತ ಕರಕೊಂಡು ಬಂದ್ರು. ನಾ ಹೊರಗಿನಾಕಿ."

ಶೇಖಸಾಬ ಬಾಯಿ ತೆರೆದ. ಮುದುಕಿ ಬೇಡ ಎಂಬಂತೆ ತಲೆಯಾಡಿಸಿದಳು.

ಫಕ್ಕೀರಪ್ಪನ ಮನಸ್ಸು ಕರಗಿತು. "ವಯಸ್ಸಾದ ಜೀವ. ಎಷ್ಟು ನೀರು ಕುಡದೀತು? ಮಳಿಗಾಲದ ತನಕ ಇರ್ಲಿ ಬಿಡ್ರಿ. ಕಾರ್ಯದರ್ಶಿಗಳು ಹೂಂ ಅಂದ್ರ ಆತು."

ಎಲ್ಲರೂ ಅಂದಪ್ಪನ ಕಡೆ ತಿರುಗಿದರು.

"ಹೊರಗಿನಾಕಿ ಅಂತ ಆಕಿನ ಒಪ್ಪಿಕೊಂಡಾಳಲ್ರಿ. ಇವತ್ತ ಖಾಲಿ ಮಾಡಿಸ್ರಿ," ಎಂದ, ಹೆತ್ತ ತಾಯಿಯ ಮುಖ ನೋಡದೆ.