ತಿಳಿಸ್ತೀವಿ ಅಂದರು

ಗಂಡಿನ ಕಡೆಯವರ ಕಾರು ತಿರುವಿನಲ್ಲಿ ಮರೆಯಾದದ್ದೇ ತಡ, ಮಾದಪ್ಪನವರು ಛತ್ರದವನಿಗೆ ಫೋನ್ ಮಾಡಲು ಕನ್ನಡಕ ಹುಡುಕತೊಡಗಿದರು. ಮಗಳನ್ನು ನೋಡಿ ಹೋದವರ ಪೈಕಿ ಅವರ ಮನಸ್ಸಿಗೆ ಹಿಡಿಸಿದ ಸಂಬಂಧ ಇದೊಂದೇ. ಹುಡುಗ ಪಕ್ಕದೂರಿನಲ್ಲಿ ಹೈಸ್ಕೂಲ್ ಮೇಷ್ಟ್ರು, ಕಣ್ಣಳತೆಯಲ್ಲೇ ಇರುತ್ತಾಳೆ ಮಗಳು.

“ಯಾರಿಗ್ರೀ ಫೋನು?” ತಟ್ಟೆಗಳನ್ನು ಎತ್ತುತ್ತಿದ್ದ ಹೆಂಡತಿ ನೀಲಮ್ಮ ಕೇಳಿದರು.

“ಛತ್ರಕ್ಕೆ. ಮನೆಗೆ ಹೋಗಿ ತಿಳಿಸ್ತೀವಿ ಅಂದ್ರಲ್ಲ, ನೀನೂ ಕೇಳಿಸ್ಕೊಂಡೆ.”

“ತಿಳಿಸ್ತೀವಿ ಅಂದ್ರೆ ಇಲ್ಲ ಅಂತ.”

“ಜಾತಕ ತೋರಿಸ್ಬೇಕು ಅಂತಲೂ ಅಂದ್ರು.”

“ಅದೂ ಇಲ್ಲ ಅಂತಲೇ.”

“ದೇವರಿಟ್ಟಂಗಾಗ್ಲಿ ಅಂತ ಕೈ ಮುಗಿದ್ರಲ್ಲೇ ಯಜಮಾನ್ರು!”

“ಅದು ದೇವರ ಹೆಸರಲ್ಲಿ ಇಲ್ಲ.”

“ಹುಡುಗಿ ನಮ್ಮನೆ ಮಗಳ ಥರಾನೇ ಇದಾಳೆ ಅಂದ್ರು ಆಯಮ್ಮ.”

“ಅದಂತೂ ಎಲ್ಲಕ್ಕಿಂತ ದೊಡ್ಡ ಇಲ್ಲ. ಮಗಳ ಥರ ಇರೋಳನ್ನ ಯಾರಾದ್ರೂ ಸೊಸೆ ಮಾಡ್ಕೋತಾರಾ? ಇಲ್ನೋಡಿ, ಕೇಸರಿಬಾತು ಒಬ್ಬರೂ ಮುಟ್ಟಿಲ್ಲ.”

ಕೋಣೆಯೊಳಗೆ ಮಗಳು ಕಿಸಕ್ಕನೆ ನಕ್ಕಳು. ಅವಳಿಗೂ ಮೊದಲೇ ಗೊತ್ತಾಗಿತ್ತೆಂದು ತಿಳಿದು ಮಾದಪ್ಪನವರಿಗೆ ರೇಗಿತು.

“ಬಾಯಿಬಿಟ್ಟು ಇಲ್ಲ ಅನ್ನೋಕೇನು ರೋಗ? ನಮ್ಮ ಕಾಲದಲ್ಲಿ ಹಿಂಗಿರ್ಲಿಲ್ಲ. ನಿಮ್ಮಪ್ಪನ್ನೇ ನೋಡು, ಎಂಥಾ ಮನುಷ್ಯ! ಅವತ್ತು ತಿಳಿಸ್ತೀವಿ ಅಂದ್ರು, ಅಂದಂಗೇ ಮಗಳನ್ನ ಕೊಟ್ರು.”

ನೀಲಮ್ಮ ಕಿಟಕಿಯ ಮೇಲಿದ್ದ ಕನ್ನಡಕವನ್ನು ಸೆರಗಿನಿಂದ ಒರೆಸಿ ಅವರ ಕೈಗಿಟ್ಟರು.

“ಕೊಡದೆ ಇನ್ನೇನು ಮಾಡ್ತಾರೆ ಪಾಪ? ಮಾರನೇ ದಿನ ಬೆಳಿಗ್ಗೇನೇ ನೀವು ವಾಲಗದವರನ್ನ ಗೊತ್ತು ಮಾಡಿ, ಲಾಡು ಹಿಡ್ಕೊಂಡು ಬಂದು ನಮ್ಮ ಜಗಲಿ ಮೇಲೆ ಕೂತಿದ್ರಲ್ಲ.”