ಹಸಿರು ಪಾಸ್

"ನಿಮ್ಮ ಪೇಶೆಂಟ್ ಯಾರು?"

ದೀಕ್ಷಿತಾ ಗಡಬಡಿಸಿ ಪುಸ್ತಕ ಮುಚ್ಚಿದಳು. ಮುಚ್ಚಿದ್ದೇ ತಪ್ಪಾಯಿತು. ‘ನರ್ಸಿಂಗ್ ಪ್ರವೇಶ ಪರೀಕ್ಷೆ: ಮೂರು ಸಾವಿರ ಪ್ರಶ್ನೆಗಳು’ ಎಂದು ರಟ್ಟಿನ ಮೇಲೆ ಅಂಗೈ ಅಗಲದ ಅಕ್ಷರ. ವಾಚ್‌ಮನ್ ಉಬೈದ್ ಅದನ್ನು ಪೂರ್ತಿ ಓದಿ, ಅವಳ ಮುಖ ನೋಡಿದರು.

"ಅಜ್ಜಿ," ಎಂದಳು. "ಒಂಬತ್ತನೇ ಬೆಡ್."

"ಪಾಸ್ ಎಲ್ಲಿ?"

ಬಲ್ಮಠದ ಆ ಆಸ್ಪತ್ರೆಯಲ್ಲಿ ಐಸಿಯು ಹೊರಗೆ ಕೂರಬೇಕಾದರೆ ಪಾಸ್ ಬೇಕು. ಒಬ್ಬ ರೋಗಿಗೆ ಎರಡು. ದೀಕ್ಷಿತಾಳ ಹತ್ತಿರ ಪಾಸ್ ಇರಲಿಲ್ಲ. ಪಾಸ್ ಹೋಗಲಿ, ಅಜ್ಜಿಯೇ ಇರಲಿಲ್ಲ.

ಮಣ್ಣಗುಡ್ಡದ ಪಿಜಿಯಲ್ಲಿ ಅವಳ ಕೋಣೆಯ ಉಳಿದ ಮೂವರಿಗೂ ರಾತ್ರಿ ಪಾಳಿ. ಹಗಲಿಡೀ ಪರದೆ ಎಳೆದು ಮಲಗುತ್ತಿದ್ದರು. ಪುಟ ತಿರುವಿದರೂ "ಶ್ಶ್". ನಾಲ್ಕು ತಿಂಗಳಲ್ಲಿ ಅವರು ಅವಳ ಜೊತೆ ಆಡಿದ ಮಾತು ಹೆಚ್ಚುಕಡಿಮೆ ಅದೊಂದೇ. ಇಲ್ಲಿ ಫ್ಯಾನ್ ಉಂಟು, ಬೆಳಕು ಉಂಟು, ಕುಡಿಯಲು ನೀರು ಉಂಟು. ಪರೀಕ್ಷೆಗೆ ಇನ್ನು ಇಪ್ಪತ್ತೆರಡೇ ದಿನ. ಇದು ಎರಡನೇ ಸಲ. ಈ ಸಲವೂ ಸೀಟು ಸಿಗದಿದ್ದರೆ ಬಟ್ಟೆ ಅಂಗಡಿಯ ಕೆಲಸಕ್ಕೆ ಸೇರುವುದೆಂದು ಅಮ್ಮನಿಗೆ ಮಾತು ಕೊಟ್ಟಾಗಿತ್ತು.

"ಪಾಸ್ ನನ್ನ ಹತ್ರ ಉಂಟು ಉಬೈದ್. ಹುಡುಗಿ ನಮ್ಮವಳೇ."

ಮಾತಾಡಿದವರು ಪಕ್ಕದ ಕುರ್ಚಿಯ ಹೆಂಗಸು. ಅರವತ್ತು ದಾಟಿದವರು. ಮಡಿಲಲ್ಲಿ ಫ್ಲಾಸ್ಕ್, ಬೆರಳಿನಲ್ಲಿ ಜಪಸರ. ಪರ್ಸಿನಿಂದ ಹಸಿರು ರಟ್ಟಿನ ಪಾಸ್ ತೆಗೆದು ಹಿಡಿದರು. ಉಬೈದ್ ಅದನ್ನು ಕೈಗೆ ತೆಗೆದುಕೊಳ್ಳಲಿಲ್ಲ. ಪಾಸನ್ನೊಮ್ಮೆ, ಆಕೆಯ ಮುಖವನ್ನೊಮ್ಮೆ ನೋಡಿದರು.

"ಆಯ್ತು ಬಾಯಮ್ಮ. ಕೂತ್ಕೊಳ್ಳಲಿ."

ಉಳಿದವರ ಕೈಯಲ್ಲಿದ್ದದ್ದು ಹಳದಿ ಪಾಸ್. ತುಂಬಾ ದಿನದಿಂದ ಇರುವವರಿಗೆ ಬೇರೆ ಬಣ್ಣವಿರಬೇಕೆಂದು ದೀಕ್ಷಿತಾ ಎಣಿಸಿದಳು.

"ನಾನು ಡುಲ್ಸಿನ್. ಯಜಮಾನ್ರು ಮೊರಿಸ್, ಆರನೇ ಬೆಡ್," ಎಂದರು ಆಕೆ. "ನಮಗೆ ಮಕ್ಕಳಿಲ್ಲ. ಒಂದು ಪಾಸ್ ಸುಮ್ಮನೆ ಬಿದ್ದಿತ್ತು. ನೀನೇ ಇಟ್ಕೋ."

"ಅಜ್ಜಿಯ ಪಾಸ್ ಮಾವನ ಹತ್ರ ಉಂಟು ಆಂಟಿ. ಹಾಗೆ..."

"ಹ್ಞಾಂ, ಹ್ಞಾಂ. ಓದು."

ಮರುದಿನದಿಂದ ಪುಸ್ತಕ ಡುಲ್ಸಿನ್ ಕೈಗೆ ಹೋಯಿತು. ಕನ್ನಡಕ ಮೂಗಿನ ತುದಿಗೆ ಇಳಿಸಿ ಪ್ರಶ್ನೆ ಕೇಳುವುದು ಅವರು. ತಪ್ಪು ಹೇಳಿದರೆ ಜಪಸರದಿಂದಲೇ ಮೊಣಕೈಗೆ ಒಂದು ಚಿಕ್ಕ ಪೆಟ್ಟು.

"ಆಕ್ಸಿಜನ್ ಕಡಿಮೆಯಾದರೆ ಎಂತ ಆಗ್ತದೆ?"

"ತುಟಿ, ಉಗುರು ನೀಲಿಯಾಗ್ತದೆ."

"ಅದರ ಬಗ್ಗೆ ಪುಸ್ತಕದಲ್ಲಿ ಎಷ್ಟು ಸಾಲು ಬರ್ದಿದ್ದಾರೆ?"

"ಎರಡು."

"ಎರಡೇ?" ಡುಲ್ಸಿನ್ ಆ ಪುಟದ ಮೇಲೆ ಅಂಗೈ ಇಟ್ಟು ಕೂತರು. "ಆಯ್ತು. ಮುಂದಿನದು."

ನಾಲ್ಕು ಗಂಟೆಗೆ ಸಿಸ್ಟರ್ ಬಾಗಿಲು ತೆರೆದು ಒಬ್ಬೊಬ್ಬರನ್ನೇ ಒಳಗೆ ಬಿಡುತ್ತಿದ್ದರು. ಡುಲ್ಸಿನ್ ಏಳುತ್ತಿರಲಿಲ್ಲ.

"ಹೋಗುವುದಿಲ್ವಾ ಆಂಟಿ?"

"ಮೊರಿಸಿಗೆ ನಿದ್ದೆ. ಎಬ್ಬಿಸುವುದು ಬೇಡ."

ಫ್ಲಾಸ್ಕಿನಲ್ಲಿ ಇಬ್ಬರಿಗಾಗುವಷ್ಟು ಟೀ ಇರುತ್ತಿತ್ತು. ಎರಡನೇ ಲೋಟ ದೀಕ್ಷಿತಾಳಿಗೆ. "ಅವರಿಗೆ ಕೊಡ್ಲಿಕ್ಕಿಲ್ಲ. ಚೆಲ್ಲುವುದು ಯಾಕೆ? ಕುಡಿ ಬಾಯೆ."

ಕುಡಿಯುವಾಗ ಅವಳು ಡುಲ್ಸಿನ್ ಮುಖ ನೋಡುತ್ತಿರಲಿಲ್ಲ. ಈ ಹೆಂಗಸು ದಿನಾ ಒಂಬತ್ತನೇ ಬೆಡ್ಡಿನ ಅಜ್ಜಿಗೂ ಸೇರಿಸಿ ಜಪ ಮಾಡುತ್ತಾರೆ. ಇಲ್ಲದ ಅಜ್ಜಿಗೆ.

ಪರೀಕ್ಷೆಯ ಹಿಂದಿನ ದಿನ ತಡೆಯಲಾಗಲಿಲ್ಲ.

"ಆಂಟಿ, ನಾನು ಸುಳ್ಳು ಹೇಳಿದೆ. ಒಳಗೆ ನನ್ನ ಅಜ್ಜಿ ಇಲ್ಲ. ಯಾರೂ ಇಲ್ಲ. ಓದ್ಲಿಕ್ಕೆ ಜಾಗ ಇರ್ಲಿಲ್ಲ, ಹಾಗೆ ಬಂದದ್ದು."

ಬೈಗುಳಕ್ಕೆ ತಲೆ ತಗ್ಗಿಸಿ ಕಾದಳು. ಡುಲ್ಸಿನ್ ನಕ್ಕರು.

"ಮೊದಲ ದಿನವೇ ಗೊತ್ತಾಗಿದೆ ಮಾರಾಯ್ತಿ. ಒಳಗೆ ಜನ ಇರುವವರು ಬಾಗಿಲು ಸದ್ದಾದಾಗೆಲ್ಲ ತಲೆ ಎತ್ತುತ್ತಾರೆ. ನೀನು ಒಮ್ಮೆಯೂ ಎತ್ತಲಿಲ್ಲ."

"ಮತ್ತೆ ಜಪ ಯಾಕೆ ಮಾಡಿದ್ದು?"

"ಅದು ನಿನ್ನ ಪರೀಕ್ಷೆಗೆ."

ಅಷ್ಟರಲ್ಲಿ ಬಾಗಿಲು ಸದ್ದಾಯಿತು. ಸಾಲಿನಲ್ಲಿ ಕೂತಿದ್ದವರೆಲ್ಲ ಥಟ್ಟನೆ ತಲೆ ಎತ್ತಿದರು. ಡುಲ್ಸಿನ್ ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಿದ್ದರು.

"ನಾಳೆ ಹೆದರಬೇಡ. ಗೊತ್ತಿಲ್ಲದ್ದನ್ನು ಬಿಟ್ಟು ಮುಂದೆ ಹೋಗು. ಒಂದೇ ಪ್ರಶ್ನೆಯ ಹತ್ತಿರ ಕೂತುಬಿಡಬಾರದು," ಎಂದರು. ಆಮೇಲೆ ಮೆಲ್ಲಗೆ, ತಮಗೇ ಎಂಬಂತೆ, "ಕೂತುಬಿಟ್ಟರೆ ಏಳ್ಲಿಕ್ಕೆ ಆಗುವುದಿಲ್ಲ," ಎಂದರು.

ಜೂನ್ ಮೂರನೇ ವಾರ ಪಟ್ಟಿ ಬಂತು. ಸೀಟು ಸಿಕ್ಕಿತ್ತು. ಅಮ್ಮನಿಗೆ ಫೋನ್ ಮಾಡಿ ಮುಗಿಸಿದ್ದೇ, ಒಂದು ಪೆಟ್ಟಿಗೆ ಲಾಡು ಹಿಡಿದುಕೊಂಡು ದೀಕ್ಷಿತಾ ಬಲ್ಮಠಕ್ಕೆ ಓಡಿ ಬಂದಳು. ಮಧ್ಯಾಹ್ನ ಎರಡೂವರೆ. ಡುಲ್ಸಿನ್ ಕುರ್ಚಿ ಖಾಲಿ ಇತ್ತು.

"ಮೂರಕ್ಕೆ ಬರ್ತಾರೆ," ಎಂದರು ಉಬೈದ್, ಲಾಡು ಬಾಯಿಗೆ ಹಾಕಿಕೊಂಡು. "ಒಟ್ಟು ಪಾಸಾಯ್ತಲ್ಲ? ಒಂಬತ್ತನೇ ಬೆಡ್ಡಿನ ಅಜ್ಜಿಗೆ ಖುಷಿಯಾಗಬಹುದು."

ಅವಳು ನಾಚಿ ನಕ್ಕಳು. "ಗೊತ್ತಿದ್ದೂ ನನ್ನನ್ನು ಯಾಕೆ ಎಬ್ಬಿಸಲಿಲ್ಲ ಉಬೈದ್ಚಾ?"

"ಒಬ್ಬರನ್ನು ಎಬ್ಬಿಸಿದರೆ ಇನ್ನೊಬ್ಬರನ್ನೂ ಎಬ್ಬಿಸಬೇಕಾಗ್ತದೆ."

ಮಾತು ಅವಳಿಗೆ ಅರ್ಥವಾಗಲಿಲ್ಲ. ಬ್ಯಾಗಿನಿಂದ ಹಸಿರು ಪಾಸ್ ತೆಗೆದಳು. "ಇದನ್ನು ಆಂಟಿಗೆ ವಾಪಸ್ ಕೊಡಬೇಕು. ಮೊರಿಸ್ ಅಂಕಲನ್ನು ನೋಡ್ಲಿಕ್ಕೆ ಬೇರೆ ಯಾರಾದರೂ ಬಂದರೆ ಬೇಕಾಗ್ತದಲ್ಲ?"

ಉಬೈದ್ ಅಗಿಯುವುದನ್ನು ನಿಲ್ಲಿಸಿದರು. ಖಾಲಿ ಕುರ್ಚಿಯನ್ನು ನೋಡಿದರು. ಆಮೇಲೆ ಪಾಸನ್ನು ಅವಳ ಅಂಗೈಯಲ್ಲೇ ಬಿಟ್ಟು ಬೆರಳುಗಳನ್ನು ಮಡಚಿದರು.

"ಇಲ್ಲಿ ಪಾಸಿನ ಬಣ್ಣ ತಿಂಗಳಿಗೊಂದು ಮಗಾ. ಮೇಯಲ್ಲಿ ಹಳದಿ, ಈಗ ನೀಲಿ. ಹಸಿರು ಫೆಬ್ರವರಿಯದ್ದು, ಮೊರಿಸ್ ಬಾಬು ತೀರಿಹೋದ ತಿಂಗಳದ್ದು."